ಅಪ್ಪಾಸಾಹೇಬರ ಬಗ್ಗೆ ಒಂದು ಒಳ್ಳೆಯ ಮಾತು

ಯಶವಂತಪುರ ಮಾರುಕಟ್ಟೆಯ ಹಿಂದಿನ ಅಡ್ಡರಸ್ತೆಯೊಂದರಲ್ಲಿ ನರ್ಸರಿ ಶಾಲೆಯಿದೆ. ಗುರುವಾರ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅದರ ಮೊದಲ ಮಹಡಿಯ ಕೋಣೆಯಲ್ಲಿ ಮತ್ತೆ ದೀಪ ಹತ್ತುತ್ತದೆ. ಹೊರಗೆ ಯಾವ ಬೋರ್ಡೂ ಇಲ್ಲ. ಆರೂವರೆಯ ಹೊತ್ತಿಗೆ ಹತ್ತು ಹನ್ನೆರಡು ಜನ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು, ಮೂರು ವರ್ಷದ ಮಕ್ಕಳಿಗೆಂದು ತಂದ ಕೆಂಪು, ಹಳದಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂರುತ್ತಾರೆ. ಕುಡಿತ ಬಿಟ್ಟವರು, ಬಿಡಲು ನೋಡುತ್ತಿರುವವರು.

ಸೋಮನಾಥ ಆ ಮೆಟ್ಟಿಲು ಹತ್ತುವ ಮೊದಲು ಮೂರು ಗುರುವಾರ ಎದುರಿನ ಟೀ ಅಂಗಡಿಯಿಂದಲೇ ವಾಪಸು ಹೋಗಿದ್ದ.

ಅವನಿಗೆ ನಲವತ್ನಾಲ್ಕು ವರ್ಷ. ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆಯವನು. ಸೋಲದೇವನಹಳ್ಳಿ ಬಳಿಯ ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಹದಿನಾರು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಲೋಹ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಸುತ್ತಿದ್ದಾನೆ. ಮನೆ ಚಿಕ್ಕಬಾಣಾವರದಲ್ಲಿ, ರೈಲು ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ. ಹೆಂಡತಿ ಭಾಗ್ಯಶ್ರೀ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಹೆಸರಘಟ್ಟ ರಸ್ತೆಯ ಪಿ.ಜಿ.ಗಳಿಗೆ ಕೊಡುತ್ತಾಳೆ. ಮಗಳು ಪ್ರತಿಭಾ ಒಂಬತ್ತನೇ ತರಗತಿ.

ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಗ್ಗೆ ಸೋಮನಾಥ ಲೇತಿಗೆ ಕಬ್ಬಿಣದ ಸರಳು ಬಿಗಿದ. ಬಿಗಿಯುವ ಕೀಲಿಯನ್ನು ತೆಗೆಯುವುದು ಮರೆತು ಸ್ವಿಚ್ ಒತ್ತಿದ. ಕೀಲಿ ಹಾರಿ ಹಿಂದಿನ ಗೋಡೆಗೆ ಬಡಿಯಿತು. ಇಪ್ಪತ್ತು ವಿದ್ಯಾರ್ಥಿಗಳು ಸುತ್ತ ನಿಂತಿದ್ದರು, ಯಾರಿಗೂ ತಾಗಲಿಲ್ಲ. ಓಡಿಬಂದ ವಿಭಾಗದ ಮುಖ್ಯಸ್ಥರಿಗೆ ಅವನ ಬಾಯಿಯ ವಾಸನೆ ಬಡಿಯಿತು. ಅವರು ಮೇನ್ ಸ್ವಿಚ್ ಆಫ್ ಮಾಡಿದರು. ಮಾರನೇ ದಿನದಿಂದ ಅವನನ್ನು ಸ್ಟೋರ್ ರೂಮಿಗೆ ಹಾಕಲಾಯಿತು. ಇನ್ನೊಮ್ಮೆ ಹೀಗಾದರೆ ಕೆಲಸವೇ ಇಲ್ಲ ಎಂಬುದನ್ನು ಬಾಯಲ್ಲಿ ಹೇಳಿದರು, ಕಾಗದದಲ್ಲಿ ಬರೆಯಲಿಲ್ಲ.

ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹದಿನೈದು ದಿನ ಚಿಕಿತ್ಸೆಯಾಯಿತು. ಹೊರಡುವ ದಿನ ಅಲ್ಲಿನ ಆಪ್ತ ಸಮಾಲೋಚಕಿ ಚೀಟಿಯ ಹಿಂಬದಿಯಲ್ಲಿ ಒಂದು ವಿಳಾಸ ಬರೆದುಕೊಟ್ಟು, "ಮಾತ್ರೆ ಮೂರು ತಿಂಗ್ಳು ಕೊಟ್ಟಿದೀವಿ. ಆಮೇಲೆ ನಿಮ್ಗೆ ಮನುಷ್ಯರು ಬೇಕು," ಎಂದರು. ಸೋಮನಾಥ ಆ ಚೀಟಿಯನ್ನು ಸ್ಟೋರ್ ರೂಮಿನಲ್ಲಿ, ಯಾರೂ ತೆಗೆಯದ ಹಳೆಯ ಅಳತೆ ಉಪಕರಣದ ಡಬ್ಬಿಯೊಳಗೆ ಇಟ್ಟ. ಮನೆಯ ಹತ್ತಿರವೂ ಅಂಥದ್ದೊಂದು ಗುಂಪು ಸೇರುತ್ತಿತ್ತು. ಅಲ್ಲಿ ಗುರುತಿನವರು ಸಿಕ್ಕಾರೆಂದು ಹೆದರಿ ಯಶವಂತಪುರದ ವಿಳಾಸವನ್ನೇ ಕೇಳಿ ಬರೆಸಿಕೊಂಡಿದ್ದ.

ನಾಲ್ಕನೇ ಗುರುವಾರ ಟೀ ಅಂಗಡಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಅರವತ್ತರ ಹತ್ತಿರದ ಒಬ್ಬರು ಪಕ್ಕಕ್ಕೆ ಬಂದು ನಿಂತರು.

"ಮ್ಯಾಲೆ ಖುರ್ಚಿ ಭಾಳ ಸಣ್ಣ ಅದಾವ," ಎಂದರು, ಇವನ ಮುಖ ನೋಡದೆ. "ಲಗೂನ ಹೋದ್ರ ಟೀಚರ್ ಖುರ್ಚಿ ಸಿಗತೈತಿ. ಒಂದ ಐತಿ ಅದು."

ಆ ಮಾತಿನ ಧಾಟಿ ಕೇಳಿದ್ದೇ ಸೋಮನಾಥನ ಬಾಯಿಂದ ಬಂದದ್ದು, ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಇಬ್ಬರು ಎದುರಾದಾಗ ಮೊದಲು ಬರುವ ಪ್ರಶ್ನೆ: "ಯಾವೂರ್ರಿ ನಿಮ್ದು?"

"ಮ್ಯಾಲೆ ಆ ಪ್ರಶ್ನೆ ಇಲ್ಲ," ಎಂದು ಅವರು ಲೋಟ ಕೆಳಗಿಟ್ಟರು. "ಬರ್ರಿ."

ಅವರೇ ಅಪ್ಪಾಸಾಹೇಬ. ಅಂದು ಟೀಚರ್ ಕುರ್ಚಿಯಲ್ಲಿ ಸೋಮನಾಥನನ್ನು ಕೂರಿಸಿ ತಾವು ಹಳದಿ ಕುರ್ಚಿಯಲ್ಲಿ ಮುದುಡಿ ಕೂತರು.

ಕೋಣೆಯ ನಿಯಮ ಸರಳ. ಹೆಸರು ಹೇಳಿದರೆ ಸಾಕು. ಊರು, ಅಡ್ಡಹೆಸರು, ಕೆಲಸ ಯಾರೂ ಕೇಳುವಂತಿಲ್ಲ. ತಾವಾಗಿ ಹೇಳಿಕೊಂಡರೆ ಅದು ಅವರಿಷ್ಟ. ಅಲ್ಲಿ ಕೇಳಿದ್ದು, ಅಲ್ಲಿ ಕಂಡವರು, ಮೆಟ್ಟಿಲಿನ ಕೆಳಗೆ ಇಳಿಯುವಂತಿಲ್ಲ. ಸರದಿ ಬಂದಾಗ ಒಬ್ಬೊಬ್ಬರೂ ಎಷ್ಟು ದಿನದಿಂದ ಕುಡಿದಿಲ್ಲ ಎಂದು ಹೇಳುತ್ತಾರೆ. ಉಳಿದವರು ತಲೆ ತಗ್ಗಿಸಿ ಕೇಳುತ್ತಾರೆ. ಸಲಹೆ ಕೊಡುವುದಿಲ್ಲ.

"ನಾನು ಮುನಿಕೃಷ್ಣಪ್ಪ, ಅಮೃತಹಳ್ಳಿ," ಎಂದು ಊರನ್ನೂ ಸೇರಿಸಿಯೇ ಶುರುಮಾಡುವವರು ಒಬ್ಬರೇ. ಹಳೆಯ ಒಕ್ಕಲು ಮನೆತನದ ಮುದುಕ. "ನಾಕು ಸೈಟ್ ಕುಡ್ದಿವ್ನಿ ಕಣ್ರಪ್ಪಾ. ಐದನೇದು ಎಂಡ್ತಿ ಎಸ್ರಲ್ಲಿತ್ತು, ಅದ್ಕೇ ಉಳ್ಕೊಂತು."

ಪಕ್ಕದಲ್ಲಿ ಕೂರುವ ಜೀಷಾನ್ ಆರ್.ಟಿ. ನಗರದ ಬೈಕ್ ಮೆಕ್ಯಾನಿಕ್. "ಯಜಮಾನ್ರು ಹೇಳಿದ್ಮೇಲೆ ನಾವೇನ್ ಗುರು ಹೇಳೋದು," ಎಂದ. "ನಂದು ಬರೀ ಎರಡು ಬೈಕು. ಅದ್ರಲ್ಲೊಂದು ಕಸ್ಟಮರ್‌ದು."

ನಗು ಎದ್ದಿತು. ಸೋಮನಾಥನಿಗೆ ಅದು ವಿಚಿತ್ರವೆನಿಸಿತು. ಮನೆಯಲ್ಲಿ ಈ ವಿಷಯ ಬಂದಾಗ ಯಾರಾದರೂ ನಕ್ಕು ವರ್ಷಗಳಾಗಿದ್ದವು. ಅಂದು ಅವನು ಹೆಸರು ಮಾತ್ರ ಹೇಳಿದ. ಮುಂದಿನ ವಾರ, "ಇವತ್ತ ಕುಡದಿಲ್ಲ," ಎಂದ.

ಕೊನೆಯಲ್ಲಿ ಅಪ್ಪಾಸಾಹೇಬರ ಸರದಿ. "ಏಳು ವರ್ಷ ಒಂಬತ್ತು ತಿಂಗಳ," ಎಂದರು. ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಯಾರದೂ ಇರಲಿಲ್ಲ. ಮುನಿಕೃಷ್ಣಪ್ಪನಂಥವರೂ ಆಗ ಮಾತು ನಿಲ್ಲಿಸುತ್ತಿದ್ದರು.

ಕೆಳಗಿಳಿದ ಮೇಲೆ ನಿಯಮ ಸ್ವಲ್ಪ ಸಡಿಲಾಗುತ್ತಿತ್ತು. ಮತ್ತೀಕೆರೆಯಲ್ಲಿ ಮನೆ ಇದ್ದ ಅಪ್ಪಾಸಾಹೇಬ ಸೋಮನಾಥನ ಜೊತೆ ರೈಲು ನಿಲ್ದಾಣದವರೆಗೂ ನಡೆದು ಬರುತ್ತಿದ್ದರು. ಎರಡನೇ ತಿಂಗಳಲ್ಲಿ ಒಂದು ದಿನ, ಪ್ಲಾಟ್‌ಫಾರ್ಮಿನಲ್ಲಿ, ಕೇಳದೆಯೇ ಹೇಳಿದರು: "ನಂದು ಅಥಣಿ ಕಡೆ." ಆಮೇಲೆ ಒಂದೊಂದಾಗಿ ಉಳಿದದ್ದೂ ಬಂತು. ಹೆಂಡತಿ ನೀಲಕ್ಕ ನೆಂಟರಿಗೆಲ್ಲ ಗಂಡ ಗುರುವಾರ ಪ್ರವಚನಕ್ಕೆ ಹೋಗುತ್ತಾರೆ ಎಂದೇ ಹೇಳಿಕೊಂಡು ಬಂದಿದ್ದಾಳೆ. ಮಗ ಹೇಮಂತ ಹೆಬ್ಬಾಳದ ಕಚೇರಿಯೊಂದರಲ್ಲಿದ್ದಾನೆ, ಕನ್ಯೆ ನೋಡುತ್ತಿದ್ದಾರೆ.

ದಿನಾ ಬೆಳಗ್ಗೆ ಆರಕ್ಕೆ ಅವರ ಫೋನು.

"ಎದ್ದಿ?"

"ಎದ್ದೀನ್ರಿ."

"ಇವತ್ತ?"

"ಇಲ್ರಿ."

"ಆತು."

ಅಷ್ಟೇ. ಅದರ ಮೇಲೆ ಒಂದೇ ಒಂದು ಕರಾರು ಹಾಕಿದ್ದರು: "ಕೈ ಆ ಕಡೆ ಹೋಗೂಕಿಂತ ಮೊದಲ ನನಗ ಫೋನ್ ಹಚ್ಚು. ಕುಡದ ಮ್ಯಾಲೆ ಹಚ್ಚಬ್ಯಾಡ. ಆವಾಗ ನಾ ಎತ್ತೂದಿಲ್ಲ."

ಮಾತ್ರೆಗಳು ಮುಗಿದ ಮೇಲೆ ಸೋಮನಾಥನಿಗೂ ಬಾಟಲಿಗೂ ನಡುವೆ ಇದ್ದದ್ದು ಈ ಫೋನು ಮತ್ತು ಈ ಮನುಷ್ಯ. ಅದು ಅವನಿಗೂ ಗೊತ್ತಿತ್ತು, ಭಾಗ್ಯಶ್ರೀಗೂ ಗೊತ್ತಿತ್ತು. ಜನವರಿಯಲ್ಲಿ ಮುಖ್ಯಸ್ಥರು ಕರೆದು ವರ್ಕ್‌ಶಾಪಿನ ಬೀಗದ ಕೈ ವಾಪಸು ಕೊಟ್ಟರು. ಆ ಭಾನುವಾರ ಗಂಡ ಹೆಂಡತಿ ಅಪ್ಪಾಸಾಹೇಬರನ್ನು ಮನೆಗೆ ಕರೆದು ಊಟ ಹಾಕಿದರು. ಅಂದಿನಿಂದ ಪ್ರತಿ ಗುರುವಾರ ಭಾಗ್ಯಶ್ರೀ ಆರು ರೊಟ್ಟಿ, ಶೇಂಗಾ ಚಟ್ನಿ ಬಿಳಿ ಅರಿವೆಯಲ್ಲಿ ಕಟ್ಟಿ ಕಳಿಸತೊಡಗಿದಳು. ಮುಂದಿನ ಗುರುವಾರ ಅರಿವೆ ಒಗೆದು ಮಡಚಿ ವಾಪಸು ಬರುತ್ತಿತ್ತು.

ಫೆಬ್ರುವರಿಯ ಎರಡನೇ ಭಾನುವಾರ ರತ್ನಕ್ಕ ಬಂದಳು. ಭಾಗ್ಯಶ್ರೀಗೆ ದೂರದ ಸಂಬಂಧ, ಸೋಲದೇವನಹಳ್ಳಿಯಲ್ಲೇ ಮನೆ. ರೊಟ್ಟಿಯ ನೆಪದಲ್ಲಿ ಬಂದಿದ್ದರೂ ಬಂದ ಕೆಲಸ ಬೇರೆಯದಿತ್ತು.

ಆ ಕಡೆಯವರಲ್ಲಿ ಸಂಬಂಧ ಮಾತಾಡುವ ಮೊದಲು ಮನೆತನ ವಿಚಾರಿಸುತ್ತಾರೆ. ಬಂಧುಗಳನ್ನು ಕೇಳುವುದಿಲ್ಲ; ಮನೆಯನ್ನು ಬಲ್ಲ, ಆದರೆ ಬಂಧುವಲ್ಲದ ಒಬ್ಬನನ್ನು ಹುಡುಕಿ, ಟೀ ಕುಡಿಯುತ್ತ, ಬೇರೆ ಮಾತಿನ ನಡುವೆ ಕೇಳುತ್ತಾರೆ. ಊರಲ್ಲಾದರೆ ಅಂಥವರು ಹತ್ತು ಜನ ಸಿಗುತ್ತಾರೆ. ಬೆಂಗಳೂರಿನಲ್ಲಿ ಸಿಕ್ಕ ಒಬ್ಬನ ಮಾತಿಗೇ ಹತ್ತು ಜನರ ತೂಕ.

"ನಮ್ಮಕ್ಕನ ಮಗಳು ಧನುಶ್ರೀಗೆ ಒಂದ್ ಗಂಡು ಬಂದೈತಿ," ಎಂದಳು ರತ್ನಕ್ಕ. "ಹುಡುಗನ್ನ ನೋಡೀವಿ, ಚಲೋ ಅದಾನ. ಅವರಪ್ಪ ಅಪ್ಪಾಸಾಹೇಬ ಅಂತ, ಅಥಣಿ ಕಡೇವ್ರು. ನಿಮ್ಮನಿಗೆ ಊಟಕ್ಕ ಬಂದಿದ್ರಂತಲ್ಲೋ ಸೋಮು. ಮನುಷ್ಯಾ ಹೆಂಗ?"

ಸೋಮನಾಥನಿಗೆ ಸಂತೋಷವಾಯಿತು. ಋಣ ತೀರಿಸುವುದಕ್ಕೆ ಇಷ್ಟು ಸುಲಭದ ದಾರಿ ಮನೆ ಬಾಗಿಲಿಗೇ ಬಂದಿತ್ತು.

"ಅಂಥಾ ಮನುಷ್ಯಾ ಸಿಗೂದಿಲ್ಲ ರತ್ನಕ್ಕ," ಎಂದ. "ಎಂಟು ವರ್ಷ ಆತು, ಒಂದ್ ಹನಿ ಮುಟ್ಟಿಲ್ಲ."

"ಎಂಟು ವರ್ಷ?"

"ಎಂಟ ಆಗಿ ಎರಡ ತಿಂಗಳ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅದಕ್ಕೂ ಮೊದಲ?" ರತ್ನಕ್ಕ ಕೇಳಿದಳು.

"ಆಗಿದ್ದು ಆಗಿ ಹೋತು ಬಿಡು. ಅದರಾಗಿಂದ ಎದ್ದ ಬಂದಾರಲ್ಲ, ಅದ ದೊಡ್ಡದು."

"ಹೌದ್ ಹೌದ್, ದೊಡ್ಡದ," ಎಂದಳು ರತ್ನಕ್ಕ. ಟೀ ಅರ್ಧ ಉಳಿದಿತ್ತು. ಲೋಟವನ್ನು ಕುರ್ಚಿಯ ಕೆಳಗಿಟ್ಟು, ರೊಟ್ಟಿ ಕಟ್ಟಿಸಿಕೊಂಡು ಹೊರಟಳು.

ಅವಳು ಗೇಟು ದಾಟಿದ ಮೇಲೆ ಭಾಗ್ಯಶ್ರೀ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನ್ ಮಾಡಿದ್ರಿ ಇದು?"

"ಯಾಕ? ಚಲೋನ ಹೇಳೀನಲ್ಲ."

"ಚಲೋ ಹೇಳಾಕ ಹೋಗಿ ಎಲ್ಲಾ ಹೇಳಿದ್ರಿ."

ಅವನಿಗೆ ಆಗ ಹೊಳೆಯಿತು. ಆ ಸಣ್ಣ ಕುರ್ಚಿಗಳ ಕೋಣೆಯಲ್ಲಿ ಮನುಷ್ಯನನ್ನು ಅಳೆಯುವ ಅಳತೆಯಿಂದಲೇ ಅವನು ಅಪ್ಪಾಸಾಹೇಬರನ್ನು ಹೊರಗೂ ಅಳೆದಿದ್ದ. ಕನ್ಯೆಯ ಕಡೆಯವರಿಗೆ ಬೇಕಾಗಿದ್ದದ್ದು ಎಂಟು ವರ್ಷದಿಂದ ಕುಡಿಯದವನ ಮಗನಲ್ಲ, ಎಂದೂ ಕುಡಿಯದವನ ಮಗ.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೇ ದಿನ ಬೆಳಗ್ಗೆ ಆರರ ಫೋನಿನಲ್ಲಿ ಅಪ್ಪಾಸಾಹೇಬ "ಆತು" ಎಂದ ಮೇಲೂ ಫೋನು ಇಡಲಿಲ್ಲ.

"ಹೇಮಂತಂದು ಮುರೀತು," ಎಂದರು. "ಜಾತಕ ಕೂಡಿ ಬರಲಿಲ್ಲಂತ. ಮೊದಲ ಜಾತಕಾನ ಕೇಳಿರ್ಲಿಲ್ಲ ಅವ್ರು."

ಸೋಮನಾಥ ಫೋನು ಹಿಡಿದು ಹೊರಗೆ ಬಂದ. ಅವರು ಮುಂದುವರಿಸಿದರು.

"ಹುಡುಗ ಮೂರು ದಿನ ಆತು, ಸರಿ ಉಂಡಿಲ್ಲ. ತನ್ನಾಗ ಏನೋ ಕಡಿಮಿ ಆತು ಅಂತ ತಿಳ್ಕೊಂಡಾನ. ಇರ್ಲಿ. ನಿನ್ನ ದಿನಾ ಚಲೋ ಹೋಗ್ಲಿ."

ಸುಮ್ಮನಿದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಸಂಬಂಧ ಬೇಡವೆಂದವರು ನಿಜವಾದ ಕಾರಣ ಹೇಳುವ ಪದ್ಧತಿ ಇಲ್ಲ. ರತ್ನಕ್ಕ ಸಾಯುವವರೆಗೂ ಬಾಯಿ ಬಿಡುವವಳಲ್ಲ. ಗುರುವಾರ ಸೋಮನಾಥ ಕೋಣೆಗೆ ಹೋದ. "ಇವತ್ತ ಕುಡದಿಲ್ಲ," ಎಂದ. ಅದು ನಿಜವೇ ಆಗಿತ್ತು. ಅಪ್ಪಾಸಾಹೇಬ ಮಡಚಿದ ಬಿಳಿ ಅರಿವೆ ಕೊಟ್ಟು ಹೊಸ ಗಂಟು ತೆಗೆದುಕೊಂಡು, "ಚಟ್ನಿ ಈ ಸಲ ಖಾರ ಇತ್ತು, ಹಂಗ ಇರ್ಲಿ ಅಂತ ಹೇಳು ನಿಮ್ಮ ಮನ್ಯಾಗ," ಎಂದರು. ಶುಕ್ರವಾರ ಬೆಳಗ್ಗೆ ಅವನು ಫೋನು ಎತ್ತಲಿಲ್ಲ. ಶನಿವಾರವೂ ಎತ್ತಲಿಲ್ಲ. ಸೋಮವಾರ ಅವರು ನಾಲ್ಕು ಸಲ ಮಾಡಿದರು.

ಮಂಗಳವಾರ ಸಂಜೆ ಕಾಲೇಜು ಬಿಟ್ಟವನು ಹೆಸರಘಟ್ಟ ರಸ್ತೆಯ ವೈನ್ ಶಾಪಿನ ಮುಂದೆ ನಿಂತ. ತೊಂಬತ್ತು ಎಂ.ಎಲ್. ವಿಸ್ಕಿಯ ಒಂದು ಪ್ಯಾಕೆಟ್ ಕೊಂಡ. ಮಕ್ಕಳು ಕುಡಿಯುವ ಜ್ಯೂಸಿನ ಡಬ್ಬಿಯಷ್ಟೇ ಇರುವ, ಅದರಂತೆಯೇ ಕಾಣುವ ಪ್ಯಾಕೆಟ್. ಅದನ್ನು ಊಟದ ಚೀಲದಲ್ಲಿಟ್ಟುಕೊಂಡು ಚಿಕ್ಕಬಾಣಾವರ ನಿಲ್ದಾಣಕ್ಕೆ ಬಂದು ಪ್ಲಾಟ್‌ಫಾರ್ಮಿನ ಕಟ್ಟಕಡೆಯ ಬೆಂಚಿನಲ್ಲಿ ಕೂತ.

ಕೈ ಹೋಗುವ ಮೊದಲು ಫೋನು ಮಾಡಬೇಕು. ಮಾಡಬೇಕಾದ ನಂಬರು ಒಂದೇ ಇತ್ತು. ಆ ನಂಬರಿಗೆ ಮಾಡುವುದಕ್ಕೆ ಆಗದೆಯೇ ಅವನು ಇಲ್ಲಿವರೆಗೆ ಬಂದಿದ್ದ. ಎರಡು ರೈಲು ಬಂದು ಹೋದವು. ಆಮೇಲೆ ಮಾಡಿದ.

"ಕುಡದಿ?" ಎಂದರು ಅಪ್ಪಾಸಾಹೇಬ.

"ಇಲ್ರಿ. ಚೀಲದಾಗ ಐತಿ."

"ಎಲ್ಲಿ ಅದಿ?"

"ಟೇಶನ್ದಾಗ. ಚಿಕ್ಕಬಾಣಾವರ."

"ಅಲ್ಲೇ ಕುಂದ್ರು. ಒಡೀಬ್ಯಾಡ."

ಐವತ್ತು ನಿಮಿಷವಾಯಿತು. ಯಶವಂತಪುರದ ಕಡೆಯಿಂದ ಬಂದ ಪ್ಯಾಸೆಂಜರ್ ರೈಲಿನಿಂದ ಅಪ್ಪಾಸಾಹೇಬ ಇಳಿದರು. ಇನ್ನೂ ಬೆಳಕಿತ್ತು. ಬೆಂಚಿನಲ್ಲಿ ಕೂತು ಏದುಸಿರು ತಗ್ಗುವವರೆಗೆ ಕಾದರು. "ಹೇಳು," ಎಂದರು.

ಸೋಮನಾಥ ಹೇಳಿದ. ರತ್ನಕ್ಕ ಬಂದದ್ದು, ಕೇಳಿದ್ದು, ತಾನು ಅಂದದ್ದು, ಅರ್ಧ ಉಳಿದ ಟೀ. ಒಂದು ಮಾತನ್ನೂ ಬಿಡಲಿಲ್ಲ.

ಗೂಡ್ಸ್ ರೈಲೊಂದು ನಿಧಾನವಾಗಿ ದಾಟುತ್ತಿತ್ತು. ಅದರ ಕೊನೆಯ ಡಬ್ಬಿ ಹೋಗುವವರೆಗೂ ಅಪ್ಪಾಸಾಹೇಬ ಅದನ್ನೇ ನೋಡುತ್ತಿದ್ದರು.

"ಎರಡ ತಿಂಗಳಾನೂ ಹೇಳಿದಿ?" ಎಂದರು.

"ಹೇಳಿದೆ."

"ಬರೊಬ್ಬರಿ ಐತಿ ಲೆಕ್ಕ." ಅವನ ಕಡೆ ತಿರುಗಿದರು. "ತಪ್ಪ ನಿಂದೊಂದ ಅಲ್ಲ. ಕೆಳಗ ಇಳದ ಮ್ಯಾಲೆ ಊರ ಹೇಳಿದವ ನಾ. ನಿನ್ನ ಮಾತಿನ ಧಾಟಿ ಕೇಳಿ ಬಾಯಿ ಸಡಲ ಆತು. ಪಾಕೀಟ ಎಲ್ಲೈತಿ?"

ಸೋಮನಾಥ ಚೀಲದಿಂದ ತೆಗೆದು ಕೊಟ್ಟ. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡರು. ಹೆಬ್ಬೆರಳು ಪ್ಯಾಕೆಟ್ಟಿನ ಮೂಲೆಯನ್ನು ತಾನಾಗಿ ಹುಡುಕಿಕೊಂಡು ಅಲ್ಲಿ ನಿಂತಿತು. ಹರಿದು ತೆರೆಯುವ ಜಾಗ ಅದು. ಸೋಮನಾಥ ಅದನ್ನು ನೋಡಿದ. ಇಷ್ಟು ದಿನ ಆ ಎಂಟು ವರ್ಷಗಳನ್ನು ಗೋಡೆಯಂತೆ ನಂಬಿ ಒರಗಿ ಕೂತಿದ್ದವನಿಗೆ ಕುಡಿಯುವ ಆಸೆಗಿಂತ ದೊಡ್ಡ ಹೆದರಿಕೆ ಆಗ ಹುಟ್ಟಿತು.

ಅಪ್ಪಾಸಾಹೇಬ ಪ್ಯಾಕೆಟ್ಟನ್ನು ಅವನ ಕೈಗೆ ವಾಪಸು ಇಟ್ಟರು.

"ನೀನ ಚೆಲ್ಲು. ಇವತ್ತ ನನ್ನ ಕೈಲೆ ಆಗೂದಿಲ್ಲ."

ಸೋಮನಾಥ ಹಲ್ಲು ಹಚ್ಚದೆ, ವರ್ಕ್‌ಶಾಪಿನ ಬೀಗದ ಕೈಯಿಂದ ಅದರ ಮೂಲೆ ತೂತು ಮಾಡಿ ಹಳಿಯ ಜಲ್ಲಿಯ ಮೇಲೆ ಸುರಿದ. ವಾಸನೆ ಎದ್ದಿತು. ಇಬ್ಬರೂ ಎದ್ದು ಇನ್ನೊಂದು ಬೆಂಚಿಗೆ ಹೋದರು.

"ನಾಳಿಂದ ಜೀಷಾನಗ ಫೋನ್ ಹಚ್ಚು," ಎಂದರು ಅಪ್ಪಾಸಾಹೇಬ. "ನನಗ ಬ್ಯಾಡ. ಇನ್ನೊಂದ್ ಮಾತು. ಮತ್ತ ಯಾರರೆ ಬಂದು ಅಪ್ಪಾಸಾಹೇಬ ಗೊತ್ತೇನ ಅಂತ ಕೇಳತಾರ. ಗೊತ್ತಿಲ್ಲ ಅನ್ನು. ಕೆಟ್ಟದ್ದೂ ಬ್ಯಾಡ, ಚಲೋದೂ ಬ್ಯಾಡ."

ಮುಂದಿನ ರೈಲಿಗೆ ಅವರು ಹೊರಟುಹೋದರು.

ಆ ಗುರುವಾರ ಅಪ್ಪಾಸಾಹೇಬ ಕೋಣೆಗೆ ಬರಲಿಲ್ಲ. ಕುರ್ಚಿಗಳನ್ನು ದುಂಡಗೆ ಇಡುವುದು ಯಾವಾಗಲೂ ಅವರ ಕೆಲಸವಾಗಿತ್ತು. ಜೀಷಾನ್ ಇಟ್ಟದ್ದು ಸೊಟ್ಟಗಾಯಿತು. ಟೀಚರ್ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

"ಅಪ್ಪಾಸಾಬ್ರು ಎಲ್ಲಯ್ಯಾ? ಉಸಾರಿಲ್ವಾ?" ಮುನಿಕೃಷ್ಣಪ್ಪ ಕೇಳಿದರು.

"ಗೊತ್ತಿಲ್ರಿ," ಎಂದ ಸೋಮನಾಥ.

ನಿಜವಾಗಿ ಗೊತ್ತಿರಲಿಲ್ಲ. ಆ ಹೆಬ್ಬೆರಳು ಅವನ ಕಣ್ಣ ಮುಂದಿತ್ತು. ಮತ್ತೀಕೆರೆಯ ಆ ಮನೆಯಲ್ಲಿ ಈಗ ಏನು ನಡೆದಿದೆಯೋ, ಪ್ರವಚನಕ್ಕೆ ಹೋಗದ ಗುರುವಾರ ಆ ಮನುಷ್ಯ ಎಲ್ಲಿ ಹೋಗುತ್ತಾರೋ ಎಂದು ಕೇಳುವುದಕ್ಕೆ ಅವನಿಗೆ ಅಧಿಕಾರ ಉಳಿದಿರಲಿಲ್ಲ. ಎರಡು ವಾರ ರೊಟ್ಟಿಯ ಗಂಟು ಕಟ್ಟಿದ ಹಾಗೆಯೇ ಮನೆಗೆ ಬಂತು. ಭಾಗ್ಯಶ್ರೀ ಅದನ್ನು ಬಿಚ್ಚಿ, ಒಣಗಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕಿದಳು. ಯಾಕೆಂದು ಪ್ರತಿಭಾ ಕೇಳಲಿಲ್ಲ. ಈ ಮನೆಯಲ್ಲಿ ಕೇಳಬಾರದ್ದು ಯಾವುದೆಂದು ಆ ಹುಡುಗಿ ಬಹಳ ಹಿಂದೆಯೇ ಕಲಿತಿದ್ದಳು.

ಮೂರನೇ ಗುರುವಾರ ಅಪ್ಪಾಸಾಹೇಬ ಬಂದರು. ತಡವಾಗಿ ಬಂದು ಬಾಗಿಲ ಬಳಿಯ ಹಳದಿ ಕುರ್ಚಿಯಲ್ಲಿ ಕೂತರು. ಬಿಳಿ ಅಂಗಿಗೆ ಇಸ್ತ್ರಿ ಇರಲಿಲ್ಲ. ಸರದಿ ಬಂದಾಗ, "ನಾ ಅಪ್ಪಾಸಾಹೇಬ," ಎಂದು ಸುಮ್ಮನಾದರು. ಕೋಣೆ ಕಾಯಿತು. ಗೋಡೆಯ ಮೇಲೆ ಆನೆ, ಇಲಿ, ಈಶ ಎಂದು ಬರೆದ ಪಟ ಫ್ಯಾನಿನ ಗಾಳಿಗೆ ಆಡುತ್ತಿತ್ತು.

"ಇವತ್ತ ಕುಡದಿಲ್ಲ," ಎಂದರು.

ಎಂಟು ವರ್ಷ ಎಷ್ಟು ತಿಂಗಳು ಎಂದು ಹೇಳಲಿಲ್ಲ. ಎಣಿಕೆ ಮುಂದುವರಿದಿದೆಯೋ, ಮೊದಲಿನಿಂದ ಶುರುವಾಗಿದೆಯೋ ಎಂದು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ಅಲ್ಲಿಲ್ಲ. ಮುಗಿದದ್ದೇ ಎಲ್ಲರಿಗಿಂತ ಮೊದಲು ಅವರು ಮೆಟ್ಟಿಲಿಳಿದರು. ಗಂಟು ಹಿಡಿದು ಸೋಮನಾಥ ಕೆಳಗೆ ಬರುವ ಹೊತ್ತಿಗೆ ರಸ್ತೆಯಲ್ಲಿ ಅವರಿರಲಿಲ್ಲ.

ಈಗ ಬೆಳಗ್ಗೆ ಆರಕ್ಕೆ ಸೋಮನಾಥ ಜೀಷಾನ್‌ಗೆ ಫೋನು ಮಾಡುತ್ತಾನೆ. "ಹೇಳು ಗುರು, ಇವತ್ತು?" "ಇಲ್ಲ." "ಸೂಪರ್. ಇನ್ನೊಂದ್ ಹತ್ ನಿಮ್ಷ ಮಲಗ್ತೀನಿ ಬಿಡು."

ಏಪ್ರಿಲ್ ತಿಂಗಳ ಒಂದು ಗುರುವಾರ ಕಾಲೇಜಿಗೆ ರಜೆಯಿತ್ತು. ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಗೋಕಾಕದಿಂದ ಚನ್ನು ಎಂಬುವನು. ತಂಗಿಗೆ ಗಂಡು ನೋಡುತ್ತಿದ್ದಾರೆ, ಹುಡುಗನ ಹೆಸರು ಹೇಮಂತ.

"ಅವರ ತಂದಿ ಅಪ್ಪಾಸಾಹೇಬ ಅಂತ, ಮತ್ತೀಕೆರ್‍ಯಾಗ ಇರ್ತಾರ. ನಿಮಗ ಗೊತ್ತದಾರಂತ ಹೇಳಿದ್ರು, ಅದಕ್ಕ ಹಚ್ಚಿದೆ. ಮನೆತನ ಹೆಂಗ್ರಿ?"

ಒಲೆಯ ಮುಂದೆ ಭಾಗ್ಯಶ್ರೀಯ ಕೈ ಹಿಟ್ಟಿನ ಮೇಲೆ ನಿಂತಿತು.

"ಇಲ್ರಿ," ಎಂದ ಸೋಮನಾಥ. "ನನಗ ಗೊತ್ತಿಲ್ಲ ಅವ್ರು."

"ನಿಮ್ಮನಿಗೆ ಊಟಕ್ಕ ಬಂದಿದ್ರು ಅಂದ್ರಲ್ರಿ?"

"ಬ್ಯಾರೆ ಯಾರೋ ಇರಬೇಕು."

ಫೋನು ಇಟ್ಟು ಅವನು ಅಡುಗೆಮನೆಯ ಬಾಗಿಲಿಗೆ ಬಂದ. ಭಾಗ್ಯಶ್ರೀ ಬಡಿದ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. ಐದೂಮುಕ್ಕಾಲರ ರೈಲಿಗೆ ಇನ್ನೂ ಸಮಯವಿತ್ತು.

"ಗೊತ್ತಿಲ್ಲದ ಮನುಷ್ಯಾಗ ಎಷ್ಟ್ ರೊಟ್ಟಿ ಕಟ್ಟಲಿ ಇವತ್ತ?" ಎಂದು ತಿರುಗದೆಯೇ ಕೇಳಿದಳು.

"ಆರು," ಎಂದ ಸೋಮನಾಥ.